ಹಾಲು ಕಕ್ಕುವ ಕೂಸು, ಗೊರಗುಟ್ಟುವ ಉಸಿರು

ಬೆಳುಗುಪ್ಪದ ನಮ್ಮ ಅಂಗಡಿಯಲ್ಲಿ ಹರಳೆಣ್ಣೆ, ಲೋಬಾನ, ಬಜೆ, ಗ್ರೈಪ್ ವಾಟರ್ ಈ ನಾಲ್ಕೂ ಒಂದೇ ಸಾಲಿನಲ್ಲಿ ಇರುತ್ತಿದ್ದವು. ನಮ್ಮ ತಂದೆಯವರು ಹಾಗೆ ಇಟ್ಟಿದ್ದರು, ನಾನೂ ಬಹಳ ವರ್ಷ ಹಾಗೆಯೇ ಇಟ್ಟುಕೊಂಡು ಬಂದೆ. ಮನೆಯಲ್ಲಿ ಬಾಣಂತಿ ಇರುವವರು ಬಂದರೆ ಕೈ ತಾನಾಗಿ ಆ ಸಾಲಿಗೆ ಹೋಗುತ್ತಿತ್ತು. "ಸಾವ್ಕಾರ್ರೇ, ಕೂಸು ಕುಡಿದ ಹಾಲೆಲ್ಲಾ ಕಕ್ಕುತ್ತೆ, ಗಂಟಲು ಗೊರಗೊರ ಅನ್ನುತ್ತೆ, ಏನಾದರೂ ಕೊಡಿ" ಎಂದು ಕೇಳುವವರು ಇಂದಿಗೂ ಇದ್ದಾರೆ. ನಾನು ಮೆಟ್ರಿಕ್ ಓದಿದ ವ್ಯಾಪಾರಿ, ವೈದ್ಯನಲ್ಲ. ಆದರೂ ಈ ವಿಷಯವನ್ನು ನಮ್ಮ ಸಮಾಜದ ಮನೆಗಳ ಮುಂದೆ ಇಡಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. ಕಾರಣ ಮುಂದೆ ಹೇಳುತ್ತೇನೆ.

ಹಾಲು ಕಕ್ಕುವುದು ಬಹುಪಾಲು ಕೂಸುಗಳಲ್ಲಿ ರೋಗವೇ ಅಲ್ಲ. ಅನ್ನನಾಳವು ಹೊಟ್ಟೆಯ ಚೀಲಕ್ಕೆ ಸೇರುವ ಜಾಗದಲ್ಲಿ ಒಂದು ಬಿಗಿ ಇದೆ. ನಮ್ಮ ನಿಮ್ಮಲ್ಲಿ ಅದು ಸಂಚಿಯ ಬಾಯಿಗೆ ದಾರ ಎಳೆದ ಹಾಗೆ ಮುಚ್ಚಿಕೊಂಡಿರುತ್ತದೆ. ಎಳೆಗೂಸಿನಲ್ಲಿ ಅದು ಪದೇ ಪದೇ ತಾನಾಗಿ ಸಡಿಲವಾಗುತ್ತದೆ. ಕೂಸು ಕುಡಿಯುವುದೆಲ್ಲಾ ನೀರಾಳ, ಹೊಟ್ಟೆ ಚಿಕ್ಕದು, ದಿನವಿಡೀ ಮಲಗಿಯೇ ಇರುವುದು. ಹಾಗಿರುವಾಗ ಕುಡಿದದ್ದು ಒಂದಿಷ್ಟು ಹಿಂದಕ್ಕೆ ಬಂದರೆ ಆಶ್ಚರ್ಯವೇನು? ಅಮೆರಿಕದ ಶಿಕಾಗೊ ಸುತ್ತಿನ ಕೂಸುಗಳನ್ನು ಪರಿಶೀಲಿಸಿ 1997ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಮೂರು ತಿಂಗಳೊಳಗಿನ ಕೂಸುಗಳಲ್ಲಿ ಅರ್ಧದಷ್ಟು ದಿನಕ್ಕೊಮ್ಮೆಯಾದರೂ ಕಕ್ಕುತ್ತವೆ. ನಾಲ್ಕನೆಯ ತಿಂಗಳಲ್ಲಿ ನೂರಕ್ಕೆ 67. ಹತ್ತರಿಂದ ಹನ್ನೆರಡನೆಯ ತಿಂಗಳ ಹೊತ್ತಿಗೆ ನೂರಕ್ಕೆ 5 ಮಾತ್ರ. ಅಂದರೆ ಔಷಧಿ ಕೊಟ್ಟರೂ ಕೊಡದಿದ್ದರೂ ಕೂಸು ಕೂರಲು, ನಿಲ್ಲಲು ಕಲಿಯುವ ಹೊತ್ತಿಗೆ ಬಹುತೇಕ ತಾನಾಗಿ ನಿಂತುಹೋಗುತ್ತದೆ. ನಿಂತ ಕೀರ್ತಿಯನ್ನು ಮಾತ್ರ ಕೊನೆಯಲ್ಲಿ ಕೊಟ್ಟ ಔಷಧಿ ಹೊಡೆದುಕೊಳ್ಳುತ್ತದೆ!

"ಕುಡಿದದ್ದೆಲ್ಲಾ ಹೋಯಿತು" ಎನ್ನುವ ತಾಯಂದಿರು ಒಂದು ಪರೀಕ್ಷೆ ಮಾಡಿ ನೋಡಬಹುದು. ಎರಡು ಚಮಚ ಹಾಲನ್ನು ಒಂದು ಬಿಳಿ ಬಟ್ಟೆಯ ಮೇಲೆ ಚೆಲ್ಲಿ. ಅದು ಹರಡಿಕೊಳ್ಳುವುದನ್ನು ಕಂಡರೆ ಅರ್ಧ ಲೋಟ ಚೆಲ್ಲಿದಂತೆ ತೋರುತ್ತದೆ. ನಿಜವಾದ ಲೆಕ್ಕ ತಕ್ಕಡಿಯಲ್ಲಿದೆ. ಮೊದಲ ಮೂರು ತಿಂಗಳು ಕೂಸು ದಿನಕ್ಕೆ ಹೆಚ್ಚುಕಡಿಮೆ 25ರಿಂದ 30 ಗ್ರಾಂ ಏರಬೇಕು. ಕಡಲೆಕಾಯಿ ಚೀಲ ಇಳಿಸುವಾಗ ನಾಲ್ಕು ಕಾಯಿ ಉದುರಿದ್ದನ್ನು ನೋಡಿ ಯಾವ ವ್ಯಾಪಾರಿಯೂ ಅಳುವುದಿಲ್ಲ, ಗೋದಾಮಿನಲ್ಲಿ ದಾಸ್ತಾನು ಎಷ್ಟಾಯಿತೆಂದು ನೋಡುತ್ತಾನೆ. ಕೂಸು ನಗುತ್ತಾ ಆಡುತ್ತಾ ಕಕ್ಕುತ್ತಿದ್ದು, ತೂಕ ಏರುತ್ತಿದ್ದು, ಉಸಿರು ಸಲೀಸಾಗಿದ್ದರೆ ಬೇಕಾದದ್ದು ಒರೆಸುವ ಬಟ್ಟೆ ಮಾತ್ರ.

ಕೆಲವು ಕೂಸುಗಳಲ್ಲಿ ಮಾತ್ರ ಹೊಟ್ಟೆಯ ಹುಳಿ ಮೇಲೆ ಬಂದು ಅನ್ನನಾಳವನ್ನು ಸುಡುತ್ತದೆ. ಹಾಲಿಗೆ ಬಾಯಿಟ್ಟು ಎರಡು ಗುಟುಕು ಕುಡಿದು ಬೆನ್ನು ಬಿಲ್ಲಿನಂತೆ ಬಾಗಿಸಿ ಚೀರುವುದು, ಹಾಲು ಬೇಡವೆನ್ನುವುದು, ತೂಕ ನಿಂತುಹೋಗುವುದು, ಪದೇ ಪದೇ ಕೆಮ್ಮು, ಇವು ಅದರ ಗುರುತು. ಆಗ ಡಾಕ್ಟರ ಬಳಿ ಹೋಗಲೇಬೇಕು. ಆದರೆ ಇಂಥ ಕೂಸುಗಳಿಗಿಂತ ಹೆಚ್ಚು ಅಪಾಯಕ್ಕೆ ಸಿಕ್ಕಿದವು ಆರೋಗ್ಯವಾಗಿದ್ದೂ ನಮ್ಮ ಕೈಮದ್ದಿಗೆ ಸಿಕ್ಕ ಕೂಸುಗಳು ಎಂದು ನಾನು ನಂಬಿದ್ದೇನೆ.

ಮೂಗಿಗೆ ಎಣ್ಣೆ

1988ರಲ್ಲಿ ನಮ್ಮ ಮೊದಲ ಗಂಡು ಕೂಸು ಹುಟ್ಟಿತು. ಗುಂಡಗಿತ್ತು. ಒಂದು ತಿಂಗಳಾದ ಮೇಲೆ ಹಾಲು ಕಕ್ಕಲು ಶುರು ಮಾಡಿತು, ಗಂಟಲಲ್ಲಿ ಸ್ವಲ್ಪ ಗೊರಗೊರ ಸದ್ದು. ಎರೆಯಲು ಬರುತ್ತಿದ್ದ ಮುದುಕಿ ಕಫ ಕಟ್ಟಿದೆ ಎಂದಳು. ದಿನವೂ ನೀರು ಹಾಕಿದ ಮೇಲೆ ಮೂಗಿನ ಹೊಳ್ಳೆಗೆ ಎರಡೆರಡು ಹನಿ, ಗಂಟಲಿಗೆ ಬೆರಳಲ್ಲಿ ಒಂದಿಷ್ಟು ಹರಳೆಣ್ಣೆ. ಕೂಸು ಅತ್ತಷ್ಟೂ ಒಳ್ಳೆಯದು, ಕಫ ಹೊರಗೆ ಬರುತ್ತದೆ ಎನ್ನುತ್ತಿದ್ದರು. ಮೇಲೆ ಲೋಬಾನದ ಹೊಗೆ. ಇಪ್ಪತ್ತು ದಿನ ಹೀಗೆ ನಡೆಯಿತು. ಆಮೇಲೆ ಕೂಸಿಗೆ ಉಬ್ಬಸ ಬಂತು, ಪಕ್ಕೆ ಒಳಕ್ಕೆ ಎಳೆಯತೊಡಗಿತು. ಊರಲ್ಲಿ ತಿಳಿದವರೆಂದು ಹೆಸರಾದವರು ಹೊಟ್ಟೆಯ ಮೇಲೆ ಮೂರು ಕಡೆ ಬಳೆಚೂರು ಕಾಯಿಸಿ ಬರೆ ಹಾಕಿದರು. ಇರುವೆ ತುಳಿಯಬಾರದೆಂದು ನೆಲ ನೋಡಿ ನಡೆಯುವ ಮನೆ ನಮ್ಮದು. ಒಂದೂವರೆ ತಿಂಗಳ ಕೂಸಿನ ಹೊಟ್ಟೆ ಸುಡುವಾಗ ನಾನು ಕಾಲು ಹಿಡಿದುಕೊಂಡಿದ್ದೆ.

ಎರಡು ದಿನ ಕಾದು, ಕಡಲೆಕಾಯಿ ತುಂಬಿಕೊಂಡು ಹೊರಟಿದ್ದ ಲಾರಿಯಲ್ಲಿ ಕೂತು ಪಟ್ಟಣದ ಆಸ್ಪತ್ರೆಗೆ ಹೋದೆವು. ಎದೆಯ ಎಕ್ಸ್‌ರೇ ನೋಡಿದ ಡಾಕ್ಟರು ನನ್ನ ಕಡೆ ತಿರುಗಿ, "ಮೂಗಿಗೆ ಎಣ್ಣೆ ಬಿಡುತ್ತಿದ್ದಿರಾ?" ಎಂದು ಕೇಳಿದರು. ಹೌದು ಎಂದೆ. ಅವರು ಮತ್ತೇನೂ ಕೇಳಲಿಲ್ಲ. ಮರುದಿನ ಬೆಳಗಿನ ಜಾವ ಕೂಸು ತೀರಿಕೊಂಡಿತು. ಆ ಎಣ್ಣೆ ನಮ್ಮ ಅಂಗಡಿಯದೇ, ನಾನೇ ಅಳೆದು ತಂದದ್ದು.

ಎಣ್ಣೆಯ ಗುಣ ಏನೆಂದು ಆಮೇಲೆ ತಿಳಿದೆ. ನೀರೋ ಹಾಲೋ ಶ್ವಾಸನಾಳಕ್ಕೆ ಹೋದರೆ ಕೂಸು ಕೆಮ್ಮುತ್ತದೆ, ಕೆಮ್ಮಿ ಹೊರಗೆ ಹಾಕುತ್ತದೆ. ಎಣ್ಣೆ ನುಣ್ಣಗೆ ಜಾರಿ, ಕೆಮ್ಮು ಬರಿಸದೆಯೇ ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಅಲ್ಲಿ ಅದು ಕರಗುವುದಿಲ್ಲ. ಅದನ್ನು ಹೊರಗೆ ಹಾಕಲು ಆಗದೆ ಶ್ವಾಸಕೋಶ ಊದಿಕೊಂಡು ನ್ಯುಮೋನಿಯಾ ಆಗುತ್ತದೆ. ಹಾಲು ಕಕ್ಕುವ ಕೂಸಿನಲ್ಲಿ ನುಂಗುವ ಉಸಿರಾಡುವ ತಾಳ ಮೊದಲೇ ತಪ್ಪುತ್ತಿರುವುದರಿಂದ ಅಪಾಯ ಮತ್ತೂ ಹೆಚ್ಚು. ತುಪ್ಪವೂ ಅಷ್ಟೇ, ಒಳ್ಳೆಣ್ಣೆಯೂ ಅಷ್ಟೇ. ಮೈಗೆ, ನೆತ್ತಿಗೆ ಹಚ್ಚಿ ತಿಕ್ಕುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಮೂಗಿಗೆ, ಗಂಟಲಿಗೆ, ಕಿವಿಗೆ ಬಿಡಕೂಡದು. ಮೂಗು ಕಟ್ಟಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ ಸಾಕು.

ಆ ಮುದುಕಿಯನ್ನು ನಾನು ದೂರುವುದಿಲ್ಲ. ಅವಳ ಕೈಯಲ್ಲೇ ನಾನೂ ನೀರು ಹಾಕಿಸಿಕೊಂಡು ಬೆಳೆದವನು. ಅವಳಿಗೆ ತಿಳಿದದ್ದು ಅಷ್ಟು, ನನಗೆ ಅಷ್ಟೂ ತಿಳಿದಿರಲಿಲ್ಲ.

ಮಗಳ ಬಾಣಂತನ

2022ರಲ್ಲಿ ನಮ್ಮ ಮಗಳು ಹೆರಿಗೆಗೆ ತವರಿಗೆ ಬಂದಳು. ಮೊಮ್ಮಗನಿಗೆ ಮೂರು ವಾರವಾದಾಗ ಅದೇ ಸದ್ದು! ಉಸಿರು ಒಳಕ್ಕೆ ಎಳೆಯುವಾಗ ಕೀರಲು ಕೀರಲಾಗಿ ಗೊರಗುಟ್ಟುವುದು, ಅತ್ತಾಗ ಹೆಚ್ಚು, ಅಂಗಾತ ಮಲಗಿದಾಗ ಹೆಚ್ಚು, ಜೊತೆಗೆ ಹಾಲು ಕಕ್ಕುವುದು. ನಮ್ಮ ಮನೆಯವರು ಏನೂ ಮಾತಾಡಲಿಲ್ಲ. ಸಂಜೆ ಒಳಗೆ ಹೋಗಿ ನೋಡಿದರೆ ಬಚ್ಚಲಮನೆಯ ಗೂಡಿನಲ್ಲಿ ಇರುತ್ತಿದ್ದ ಎಣ್ಣೆ ಬಾಟ್ಲಿ ಇರಲಿಲ್ಲ. ಅಟ್ಟದ ಮೇಲೆ ಹಳೆಯ ಪಾತ್ರೆಗಳ ಹಿಂದೆ ಇಟ್ಟಿದ್ದರು. ಓಣಿಯ ಹಿರಿಯಾಕೆಯೊಬ್ಬರು ಬಂದು, "ಒಂದು ಸಣ್ಣ ಚುಟಿಕೆ ಹಾಕಿದರೆ ಸರಿಹೋಗುತ್ತೆ" ಎಂದಾಗ ಹೊಸ್ತಿಲಲ್ಲೇ ನಿಂತು, "ಬ್ಯಾಡವ್ವ, ಒಂದು ಸಲ ಹಾಕಿಸಿದ್ದೀವಿ" ಎಂದಷ್ಟೇ ಹೇಳಿದರು.

ಮಗಳು ಆ ಸದ್ದನ್ನು ಫೋನಿನಲ್ಲಿ ಚಿತ್ರ ಸಮೇತ ಹಿಡಿದಿಟ್ಟಿದ್ದಳು. ಇದು ಬುದ್ಧಿವಂತರು ಮಾಡುವ ಕೆಲಸ. ಡಾಕ್ಟರ ಮುಂದೆ ಹೋದಾಗ ಕೂಸು ಸಾಮಾನ್ಯವಾಗಿ ನಿದ್ದೆ ಹೋಗಿರುತ್ತದೆ, ಸದ್ದೇ ಇರುವುದಿಲ್ಲ. ಬಳ್ಳಾರಿಯ ಮಕ್ಕಳ ಡಾಕ್ಟರು ಅದನ್ನು ನೋಡಿ, ಕೂಸನ್ನು ತೂಗಿ, ಮೂಗಿನಿಂದ ಸಣ್ಣ ದುರ್ಬೀನು ಇಳಿಸಿ ನೋಡುವವರ ಬಳಿ ಕಳಿಸಿದರು. ಅದಕ್ಕೆ ಲ್ಯಾರಿಂಗೋಮಲೇಶಿಯ ಎಂದು ಹೆಸರಂತೆ. ಧ್ವನಿಪೆಟ್ಟಿಗೆಯ ಮೇಲಿನ ಭಾಗ ಕೆಲವು ಕೂಸುಗಳಲ್ಲಿ ಎಳೆ ಚಿಗುರಿನಂತೆ ಮೆತ್ತಗಿರುತ್ತದೆ. ಉಸಿರು ಎಳೆದಾಗ ಅದು ಒಳಕ್ಕೆ ಕುಸಿದು ಸದ್ದು ಮಾಡುತ್ತದೆ. ಕಫವೂ ಅಲ್ಲ, ಗೂರಲೂ ಅಲ್ಲ. ಇಂಥ ಕೂಸುಗಳಲ್ಲಿ ಹಾಲು ಮೇಲೆ ಬರುವುದೂ ಹೆಚ್ಚು. ಜೋರಾಗಿ ಉಸಿರು ಎಳೆಯುವಾಗ ಹೊಟ್ಟೆಯ ಹುಳಿಯೂ ಮೇಲಕ್ಕೆ ಸೆಳೆಯುತ್ತದೆ, ಆ ಹುಳಿ ತಗುಲಿ ಮೆತ್ತನೆಯ ಭಾಗ ಇನ್ನಷ್ಟು ಊದಿಕೊಳ್ಳುತ್ತದೆ. ಬಹುಪಾಲು ಒಂದೂವರೆ ಎರಡು ವರ್ಷದೊಳಗೆ ತಾನಾಗಿ ಗಟ್ಟಿಯಾಗುತ್ತದೆ. ಕೆಲವೇ ಕೂಸುಗಳಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದುಂಟು.

ನಮ್ಮ ಕೂಸಿನ ತೂಕ ಏರುತ್ತಿದ್ದುದರಿಂದ ಡಾಕ್ಟರು ಒಂದು ಹನಿ ಔಷಧಿಯನ್ನೂ ಬರೆಯಲಿಲ್ಲ. ಹದಿನೈದು ದಿನಕ್ಕೊಮ್ಮೆ ತೂಕ ಹಾಕಿಸಿ ಎಂದರು. ಫೀಸು ಕೊಟ್ಟು ಬರಿಗೈಯಲ್ಲಿ ಬಂದದ್ದು ನನಗೆ ಮೊದಲು ಸರಿಕಾಣಲಿಲ್ಲ. ವ್ಯಾಪಾರಿ ಬುದ್ಧಿ! ಈಗ ತಿಳಿಯುತ್ತದೆ, ಔಷಧಿ ಬರೆಯದ ಡಾಕ್ಟರಿಗೆ ಕೊಟ್ಟ ಹಣವೇ ಸಾರ್ಥಕ. ಯಾಕೆಂದರೆ ಈ ಔಷಧಿಗಳ ಚರಿತ್ರೆಯೂ ಒಂದು ಕಥೆಯೇ. 1990ರ ದಶಕದಲ್ಲಿ ಹಾಲು ಕಕ್ಕುವ ಕೂಸುಗಳಿಗೆ ಸಿಸಾಪ್ರೈಡ್ ಎಂಬ ಔಷಧಿಯನ್ನು ದೇಶ ವಿದೇಶಗಳಲ್ಲಿ ಧಾರಾಳವಾಗಿ ಬರೆದರು. ಆಮೇಲೆ ಅದು ಹೃದಯದ ಬಡಿತವನ್ನೇ ತಪ್ಪಿಸುತ್ತದೆಂದು ಕಂಡುಬಂದು 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂದೆ ತೆಗೆದುಕೊಂಡರು, ನಮ್ಮ ದೇಶದಲ್ಲಿ 2011ರಲ್ಲಿ ನಿಲ್ಲಿಸಿದರು. ಹುಳಿ ಕಡಿಮೆ ಮಾಡುವ ಔಷಧಿಗಳನ್ನೂ ಆರೋಗ್ಯವಾಗಿ ಬೆಳೆಯುತ್ತಿರುವ ಕೂಸಿಗೆ ಸುಮ್ಮನೆ ಕೊಡಬಾರದೆಂದು ಈಗ ವೈದ್ಯರು ಹೇಳುತ್ತಾರೆ. ಹೊಟ್ಟೆಯ ಹುಳಿ ರೋಗಾಣುಗಳನ್ನು ಕೊಲ್ಲುವ ಕಾವಲುಗಾರ. ಅದನ್ನು ತೆಗೆದರೆ ಭೇದಿ, ನ್ಯುಮೋನಿಯಾ ಹೆಚ್ಚು. ಅಂಗಡಿಯಲ್ಲಿ ಕೇಳಿ ತಂದು ಕೊಡುವ ಔಷಧಿ ಅದಲ್ಲ.

ಮಲಗಿಸುವ ಬಗೆ

ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ನೆತ್ತಿಗೆ ಹತ್ತುತ್ತದೆ, ಬೋರಲು ಮಲಗಿಸಿ ಎಂದು ಹಿರಿಯರು ಹೇಳುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಡಾಕ್ಟರು ಕಾಗದದ ಮೇಲೆ ಎರಡು ಗೆರೆ ಎಳೆದು ತೋರಿಸಿದರು. ಶ್ವಾಸನಾಳ ಮುಂದೆ, ಅನ್ನನಾಳ ಅದರ ಹಿಂದೆ. ಕೂಸು ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಕೆಳಗಿರುವ ಅನ್ನನಾಳದಿಂದ ಬಂದ ಹಾಲು ಅದಕ್ಕೆ ಹತ್ತಿ ಹೋಗಬೇಕು. ಬೋರಲು ಮಲಗಿಸಿದರೆ ಶ್ವಾಸನಾಳ ಕೆಳಗೆ ಬರುತ್ತದೆ, ಹಾಲು ಸಲೀಸಾಗಿ ಅದರೊಳಕ್ಕೇ ಇಳಿಯುತ್ತದೆ. ಅಮೆರಿಕದ ಮಕ್ಕಳ ವೈದ್ಯರು 1992ರಲ್ಲಿ ಬೋರಲು ಮಲಗಿಸಬೇಡಿ ಎಂದು ಹೇಳಿದರು, 1994ರಲ್ಲಿ ಅಂಗಾತ ಮಲಗಿಸಿ ಎಂದು ದೇಶದಾದ್ಯಂತ ಪ್ರಚಾರ ನಡೆಯಿತು. ನಿದ್ದೆಯಲ್ಲಿ ಕಾರಣ ತಿಳಿಯದೆ ಸಾಯುವ ಕೂಸುಗಳ ಸಂಖ್ಯೆ ಅಲ್ಲಿ ಹತ್ತು ವರ್ಷದೊಳಗೆ ಅರ್ಧದಷ್ಟಕ್ಕೆ ಇಳಿಯಿತು. ಹಾಲು ಕಕ್ಕುವ ಕೂಸಿಗೂ ಇದೇ ನಿಯಮ. ಬೋರಲು ಹಾಕಬಾರದೆಂದಲ್ಲ, ಎಚ್ಚರವಿರುವಾಗ, ದೊಡ್ಡವರು ಎದುರು ಕೂತಿರುವಾಗ ಹಾಕಬಹುದು.

ತಲೆಗೆ ದಿಂಬು ಏರಿಸುವುದರಿಂದಲೂ ಉಪಯೋಗವಿಲ್ಲ. ಸೀರೆಯ ಜೋಲಿಯಲ್ಲಿ ಕೂಸು ಮುದುಡಿಕೊಂಡು ಗಲ್ಲ ಎದೆಗೆ ತಾಗಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಗೊರಗುಟ್ಟುವ ಕೂಸನ್ನು ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಮಲಗಿಸುವುದೇ ಮೇಲು.

ಕುಡಿಸುವ ವಿಷಯದಲ್ಲಿ ಅಜ್ಜಿಯರ ಪದ್ಧತಿಯೇ ಎಷ್ಟೋ ಸರಿ. ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಕುಡಿಸುವುದು, ನಡುವೆ ಹೆಗಲಿಗೆ ಹಾಕಿ ತೇಗು ಬರಿಸುವುದು, ಕುಡಿಸಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ನೆಟ್ಟಗೆ ಎತ್ತಿಕೊಂಡಿರುವುದು. ನಮ್ಮ ಮನೆಯಲ್ಲಿ ಈ ಕೆಲಸ ನನ್ನ ಪಾಲಿಗೆ ಬಂತು, ರಾತ್ರಿ ಒಂದು ಗಂಟೆಗೂ ಹೆಗಲಿಗೆ ಹಾಕಿಕೊಂಡು ನಡುಮನೆಯಲ್ಲಿ ತಿರುಗಾಡಿದ್ದೇನೆ. ಎಣ್ಣೆ ತಿಕ್ಕಿ ನೀರು ಹಾಕುವುದು ಹಾಲಿಗೆ ಮೊದಲು ಆಗಬೇಕು, ಆಮೇಲಲ್ಲ. ಉಡಿದಾರ ಬಿಗಿಯಾಗಿರಬಾರದು. ಒಳಲೆಯಲ್ಲಿ ಕುಡಿಸುವವರು ಕೂಸನ್ನು ಮಲಗಿಸಿ, ಅಳುವ ಬಾಯಿಗೆ ಸುರಿಯಕೂಡದು. ಅದು ನೇರವಾಗಿ ಶ್ವಾಸನಾಳಕ್ಕೆ ಸುರಿದಂತೆ. ಲೋಬಾನದ ಹೊಗೆ, ಬೀಡಿ ಸಿಗರೇಟಿನ ಹೊಗೆ, ಪೂಜೆಯ ಧೂಪವೂ ಸಹ, ಕೂಸಿರುವ ಕೋಣೆಯಿಂದ ದೂರವಿರಲಿ. ನಮ್ಮ ಕಡೆ ಕಡಲೆಕಾಯಿ ಬಿಡಿಸುವ ದಿನಗಳಲ್ಲಿ ಕೆಂಪು ದೂಳು ಅಂಗಡಿಯ ಒಳಕ್ಕೂ ಬರುತ್ತದೆ, ಬಾಣಂತಿ ಕೋಣೆ ಬೀದಿಯ ಕಡೆ ಇಲ್ಲದಿದ್ದರೆ ಚೆನ್ನ.

ಕೆಲವು ಕೂಸುಗಳಿಗೆ ಹಸುವಿನ ಹಾಲಿನ ಅಂಶವೇ ಒಗ್ಗದೆ ಹೀಗಾಗುವುದುಂಟು. ತಾಯಿ ಕುಡಿದ ಹಾಲು, ಮೊಸರಿನ ಅಂಶ ಎದೆಹಾಲಿನ ಮೂಲಕ ಹೋಗುತ್ತದೆ. ಆಗ ಡಾಕ್ಟರು ಎರಡರಿಂದ ನಾಲ್ಕು ವಾರ ತಾಯಿಗೆ ಹಾಲಿನ ಪದಾರ್ಥ ಬಿಡಿಸಿ ನೋಡುತ್ತಾರೆ. ನಮ್ಮ ಸೊಸೆ ಮಗಳಂದಿರಿಗೆ ಹಾಲು, ತುಪ್ಪವೇ ಮುಖ್ಯ ಪೌಷ್ಟಿಕ ಆಹಾರವಾದ್ದರಿಂದ ಇದನ್ನು ಮನೆಯಲ್ಲೇ ತೀರ್ಮಾನ ಮಾಡಿ ಬಾಣಂತಿಯನ್ನು ಸೊರಗಿಸಬಾರದು.

ಜೇನು ಮತ್ತು ಗ್ರೈಪ್ ವಾಟರ್

ನಲವತ್ತು ದಿನ ಕಳೆದ ಮೇಲೆ ಕೂಸನ್ನು ಬಸದಿಗೆ ಕರೆದೊಯ್ದು, ಕಿವಿಯಲ್ಲಿ ಣಮೋಕಾರ ಹೇಳಿ, ಮದ್ಯ ಮಾಂಸ ಮಧು ತ್ಯಾಗದ ನಿಯಮ ಕೊಡಿಸುವ ಪದ್ಧತಿ ನಮ್ಮಲ್ಲಿದೆ. ಎಂಟು ವರ್ಷದವರೆಗೆ ಅದನ್ನು ಪಾಲಿಸುವ ಹೊಣೆ ತಾಯಿತಂದೆಯರದು. ಆದರೂ ಕೂಸಿನ ಕಫಕ್ಕೆಂದು ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿ ಎಂದು ನೆರೆಹೊರೆಯವರು ಹೇಳಿದರೆ, ಔಷಧಿಗೆ ದೋಷವಿಲ್ಲ ಎಂದು ಒಪ್ಪಿಕೊಂಡುಬಿಡುತ್ತೇವೆ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೂಡದೆಂದು ಇಂದು ವೈದ್ಯಶಾಸ್ತ್ರವೂ ಹೇಳುತ್ತದೆ. ಅದರಲ್ಲಿರಬಹುದಾದ ಒಂದು ರೋಗಾಣುವಿನ ಬೀಜ ಕೂಸಿನ ಕರುಳಿನಲ್ಲಿ ಮೊಳೆತು ವಿಷ ಬಿಡುತ್ತದೆ, ಹೀರುವ ಶಕ್ತಿಯೂ ಉಸಿರಾಡುವ ಶಕ್ತಿಯೂ ಕುಂದುತ್ತದೆ. ಬಾಟುಲಿಸಂ ಎಂದು ಅದರ ಹೆಸರು.

ಗ್ರೈಪ್ ವಾಟರಿನದು ಇನ್ನೂ ಸ್ವಾರಸ್ಯ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧಿ ವ್ಯಾಪಾರಿ ಅದನ್ನು ತಯಾರಿಸಿದ. ಸಬ್ಬಸಿಗೆ ಬೀಜದ ಎಣ್ಣೆ, ಸೋಡಾ, ಸಕ್ಕರೆ, ಜೊತೆಗೆ ಮದ್ಯಸಾರ! ಕೂಸು ಕುಡಿದು ತೆಪ್ಪಗಾಗುತ್ತಿದ್ದುದರಲ್ಲಿ ಮದ್ಯಸಾರದ ಪಾಲೂ ಇದ್ದೀತು. ಈಗ ಬರುವವುಗಳ ಮೇಲೆ ಮದ್ಯಸಾರವಿಲ್ಲವೆಂದು ಸಾಮಾನ್ಯವಾಗಿ ಅಚ್ಚು ಹಾಕಿರುತ್ತಾರೆ. ಹಾಲು ಕಕ್ಕುವುದನ್ನು ಅದು ನಿಲ್ಲಿಸುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಉಸಿರು ಎಣಿಸುವುದು

ಕಾಯೋತ್ಸರ್ಗದಲ್ಲಿ 27 ಉಸಿರಿಗೆ ಒಂಬತ್ತು ಬಾರಿ ಣಮೋಕಾರ ಎಂದು ಲೆಕ್ಕ ಇಟ್ಟುಕೊಂಡವರು ನಾವು. ದಶಪ್ರಾಣಗಳಲ್ಲಿ ಶ್ವಾಸೋಚ್ಛ್ವಾಸವೂ ಒಂದೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಕೂಸಿನ ಉಸಿರನ್ನು ಎಣಿಸಲು ಮಾತ್ರ ಯಾರೂ ಕಲಿಸುವುದಿಲ್ಲ. ಕೂಸು ಶಾಂತವಾಗಿರುವಾಗ, ಅಳದಿರುವಾಗ, ಅಂಗಿ ಎತ್ತಿ ಗಡಿಯಾರ ಹಿಡಿದು ಪೂರಾ ಒಂದು ನಿಮಿಷ ಹೊಟ್ಟೆ ಏರುವುದನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ, ಮತ್ತೆ ಅಷ್ಟೇ ಬಂದರೆ ತಡ ಮಾಡದೆ ಹೊರಡಬೇಕು. ಎರಡು ತಿಂಗಳಿಂದ ಒಂದು ವರ್ಷದವರೆಗೆ ಈ ಗಡಿ 50. ಎಳೆಗೂಸುಗಳು ನಿದ್ದೆಯಲ್ಲಿ ಐದು ಹತ್ತು ಸೆಕೆಂಡು ಉಸಿರು ನಿಲ್ಲಿಸಿ ಮತ್ತೆ ಆಡುವುದುಂಟು, ಅದಕ್ಕೆ ಗಾಬರಿ ಬೇಡ. 20 ಸೆಕೆಂಡಿಗೆ ಮುಟ್ಟಿದರೆ, ಅಥವಾ ತುಟಿ ನೀಲಿಯಾದರೆ, ಪಕ್ಕೆ ಎದೆ ಒಳಕ್ಕೆ ಎಳೆದರೆ, ಪ್ರತಿ ಉಸಿರಿಗೂ ನರಳಿದರೆ ಅದೇ ಗಳಿಗೆಯಲ್ಲಿ ಹೊರಡಬೇಕು.

ಕಕ್ಕುವುದರಲ್ಲಿಯೂ ಕೆಲವು ಬಗೆ ಬೇರೆ. ಹಸಿರು ಬಣ್ಣದ ವಾಂತಿ ಒಂದೇ ಸಲ ಆದರೂ ಕರುಳು ಕಟ್ಟಿರಬಹುದೆಂದು ತಿಳಿಯಬೇಕು. ಮೂರರಿಂದ ಆರು ವಾರದ ಕೂಸು ಕುಡಿದದ್ದನ್ನು ಪಿಚಕಾರಿಯಂತೆ ದೂರಕ್ಕೆ ಹಾರಿಸಿ ಮತ್ತೆ ಹಸಿದು ಅಳುತ್ತಿದ್ದರೆ ಜಠರದ ಕೆಳಬಾಯಿ ದಪ್ಪಗಾಗಿ ಮುಚ್ಚಿರಬಹುದು, ಸಣ್ಣ ಶಸ್ತ್ರಚಿಕಿತ್ಸೆಯಿಂದ ಪೂರ್ತಿ ವಾಸಿಯಾಗುತ್ತದೆ. ರಕ್ತ ಕಂಡರೆ, ಮೂರು ತಿಂಗಳೊಳಗೆ ಜ್ವರ ಬಂದರೆ, ಬಟ್ಟೆ ಒದ್ದೆ ಮಾಡುವುದು ತೀರಾ ಕಡಿಮೆಯಾದರೆ ಬೆಳಗಾಗಲೆಂದು ಕಾಯಬಾರದು.

ಹಾಲು ನೆತ್ತಿಗೆ ಹತ್ತಿ ಉಸಿರು ಸಿಕ್ಕಿಕೊಂಡರೆ ಕಾಲು ಹಿಡಿದು ತಲೆಕೆಳಗೆ ಜೋತಾಡಿಸುವುದು, ಬಾಯಿಗೆ ಬೆರಳು ತೂರುವುದು ಬೇಡ. ಕೂಸು ಕೆಮ್ಮುತ್ತಿದ್ದರೆ ಕೆಮ್ಮಲು ಬಿಟ್ಟು ಮಗ್ಗುಲಿಗೆ ತಿರುಗಿಸಿ ಬಾಯಿ ಒರೆಸಿದರೆ ಸಾಕು. ಕೆಮ್ಮಲೂ ಅಳಲೂ ಆಗದಿದ್ದರೆ ಮುಂಗೈ ಮೇಲೆ ಬೋರಲಾಗಿ, ತಲೆ ಸ್ವಲ್ಪ ತಗ್ಗಿರುವಂತೆ ಇಟ್ಟುಕೊಂಡು ಬೆನ್ನಿನ ಮೇಲೆ, ಎರಡು ರೆಕ್ಕೆಗಳ ನಡುವೆ, ಅಂಗೈಬುಡದಿಂದ ಐದು ಸಲ ತಟ್ಟಬೇಕು. ಹೋಗದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುಮೂಳೆಯ ಮೇಲೆ ಐದು ಸಲ ಒತ್ತಬೇಕು. ಇದನ್ನು ಆಸ್ಪತ್ರೆಯಲ್ಲಿ ಗೊಂಬೆಯ ಮೇಲೆ ಕಲಿಸುತ್ತಾರೆ, ಹೆರಿಗೆಗೆ ಹೋದಾಗಲೇ ಕೇಳಿ ಕಲಿಯಬೇಕು. 108 ವಾಹನ ನಮ್ಮ ಆಂಧ್ರದಲ್ಲಿ 2005ರ ಆಗಸ್ಟ್ 15ರಂದೇ ಶುರುವಾಯಿತು, ಈಗ ಲಾರಿ ಕಾಯುವ ಕಾಲವಲ್ಲ.

ಮೊಮ್ಮಗನ ಸದ್ದು ಹದಿನಾಲ್ಕನೆಯ ತಿಂಗಳಿಗೆ ನಿಂತಿತು. ಬೀಗರ ಊರಿನ ಬಸದಿಯಲ್ಲಿ ಈಗ ಅವನ ಗಂಟಲೇ ಎಲ್ಲರಿಗಿಂತ ದೊಡ್ಡದು.

ಅಂಗಡಿಯಲ್ಲಿ ಆ ನಾಲ್ಕರ ಸಾಲನ್ನು ಬೇರೆ ಮಾಡಿದ್ದೇನೆ. ಬಾಣಂತಿ ಮನೆಯವರು ಹರಳೆಣ್ಣೆ ಕೇಳಿದರೆ, ಯಾವುದಕ್ಕೆ ಎಂದು ಕೇಳುತ್ತೇನೆ. ತಲೆಗೆ ಎಂದರೆ ಅಳೆದು ಕೊಡುತ್ತೇನೆ. ಮೂಗಿಗೆ ಎಂದರೆ ಕೊಡದೆ, ಕೂರಿಸಿ ಈ ಕಥೆ ಹೇಳುತ್ತೇನೆ. ಕೆಲವರು ಕೇಳಿಸಿಕೊಂಡು ಹೋಗುತ್ತಾರೆ, ಕೆಲವರು ಪಕ್ಕದ ಅಂಗಡಿಯಲ್ಲಿ ಕೊಳ್ಳುತ್ತಾರೆ.